ಹೌಸ್ ಸರ್ಜನ್ ಎಂದರೆ ಸರ್ಜನ್ ಅಲ್ಲ

ಶಿಷ್ಯವೇತನ ಬಾಕಿ ಉಳಿದಾಗಲೆಲ್ಲ ಯಾವುದಾದರೂ ಪತ್ರಿಕೆಯಲ್ಲಿ ‘ಶಸ್ತ್ರಚಿಕಿತ್ಸಕರ ಧರಣಿ’ ಎಂಬ ತಲೆಬರಹ ಕಾಣಿಸುತ್ತದೆ. ಕೆಳಗಿನ ಚಿತ್ರದಲ್ಲಿ ಇಪ್ಪತ್ಮೂರರ ಆಸುಪಾಸಿನ ಹುಡುಗ ಹುಡುಗಿಯರು. ಆ ವಯಸ್ಸಿಗೆ ಶಸ್ತ್ರಚಿಕಿತ್ಸಕರಾಗುವುದು ಹೇಗೆ ಎಂದು ಸುದ್ದಿಮನೆಯಲ್ಲಿ ಯಾರೂ ಕೇಳುವುದಿಲ್ಲವೇ? ಧರಣಿ ಕುಳಿತವರು ಹೌಸ್ ಸರ್ಜನ್‌ಗಳು, ಅಂದರೆ ಎಂಬಿಬಿಎಸ್ ಪರೀಕ್ಷೆ ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿರುವ ಹೊಸ ವೈದ್ಯರು.

ಇಲ್ಲಿನ ‘ಹೌಸ್’ ಆಸ್ಪತ್ರೆ. ಬ್ರಿಟನ್ನಿನಲ್ಲಿ ಹೊಸದಾಗಿ ಪದವಿ ಪಡೆದವರು ಆಸ್ಪತ್ರೆಯಲ್ಲೇ ವಾಸವಿದ್ದು ದುಡಿಯುತ್ತಿದ್ದರು. ಜನರಲ್ ಮೆಡಿಸಿನ್ ವಿಭಾಗದ ಹಿರಿಯರ ಕೈಕೆಳಗಿದ್ದವರು ಹೌಸ್ ಫಿಜಿಶಿಯನ್, ಶಸ್ತ್ರಚಿಕಿತ್ಸಾ ವಿಭಾಗದಲ್ಲಿದ್ದವರು ಹೌಸ್ ಸರ್ಜನ್. ಅಲ್ಲಿ 2005ರಲ್ಲಿ ತರಬೇತಿಯ ಸ್ವರೂಪವೇ ಬದಲಾಗಿ ಈ ಹೆಸರುಗಳು ಹಿಂದೆ ಸರಿದವು. ನಮ್ಮಲ್ಲಿ ಫಿಜಿಶಿಯನ್ ಮರೆಯಾಗಿ ಸರ್ಜನ್ ಉಳಿದುಕೊಂಡ. ಹೀಗಾಗಿ ಮಕ್ಕಳ ವಾರ್ಡಿನಲ್ಲಿ ಕೂಸಿನ ತೂಕ ನೋಡುವವರೂ ಹೌಸ್ ಸರ್ಜನ್ನೇ. ಅಂದ ಹಾಗೆ, ಸರ್ಜನ್ ಪದದ ಗ್ರೀಕ್ ಮೂಲದ ಅರ್ಥ ‘ಕೈಕೆಲಸ ಮಾಡುವವನು’. ರಕ್ತ ತೆಗೆಯುವುದು, ಡ್ರಿಪ್ ಹಾಕುವುದು, ಕೇಸ್ ಶೀಟ್ ಬರೆಯುವುದು, ಬ್ಲಡ್ ಬ್ಯಾಂಕಿಗೆ ಓಡುವುದು ಇವರ ಪಾಲಿಗೇ ಬರುವುದರಿಂದ ಆ ಅರ್ಥದಲ್ಲಿ ಮಾತ್ರ ಹೆಸರು ಒಪ್ಪುತ್ತದೆ!

ನಿಯಮಗಳಲ್ಲಿ ಇವರು ಇಂಟರ್ನ್. ನಾಲ್ಕೂವರೆ ವರ್ಷದ ಎಂಬಿಬಿಎಸ್ ಓದು ಮುಗಿಸಿ, ಅಂತಿಮ ಪರೀಕ್ಷೆ ಪಾಸಾಗಿ, ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿ ಪಡೆದು 12 ತಿಂಗಳು ವಿಭಾಗದಿಂದ ವಿಭಾಗಕ್ಕೆ ಸುತ್ತುತ್ತಾರೆ. 2021ರ ನಿಯಮದಂತೆ ಜನರಲ್ ಸರ್ಜರಿಗೆ 6 ವಾರ, ಸಮುದಾಯ ವೈದ್ಯಕೀಯಕ್ಕೆ 12 ವಾರ. ‘ಸರ್ಜನ್’ ಆಪರೇಷನ್ ಥಿಯೇಟರಿಗಿಂತ ಹೆಚ್ಚು ಕಾಲ ಕಳೆಯುವುದು ಲಸಿಕೆ, ಬಾಣಂತಿಯರ ತಪಾಸಣೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಡುವೆ.

ಎಂಡಿ, ಎಂಎಸ್ ಓದುವ ರೆಸಿಡೆಂಟ್‌ಗಳನ್ನೂ ಇದೇ ಗುಂಪಿಗೆ ಸೇರಿಸುವವರಿದ್ದಾರೆ. ಅವರು ಇಂಟರ್ನ್‌ಶಿಪ್ ದಾಟಿದವರು, ಮೂರು ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳು. ಶಸ್ತ್ರಚಿಕಿತ್ಸಕರಾಗುವುದಿದ್ದರೆ ಅಲ್ಲಿ, ಎಂಎಸ್ ಮುಗಿಸಿದ ಮೇಲೆ.

‘ಗೃಹ ವೈದ್ಯ’ ಎಂಬ ಅನುವಾದ ಇನ್ನೂ ಕೆಟ್ಟದ್ದು. ಮನೆಗೆ ಬಂದು ಜ್ವರ ನೋಡುವವರು ಎಂದು ಓದುಗ ತಿಳಿದರೆ ತಪ್ಪು ಅವನದಲ್ಲ. ‘ತರಬೇತಿ ವೈದ್ಯ’ ಎಂದರೆ ಸಾಕು. ‘ವಿದ್ಯಾರ್ಥಿ’ ಎಂಬುದಕ್ಕೂ ನನ್ನ ತಕರಾರಿದೆ: ರಾತ್ರಿ ಪಾಳಿಗೆ ಹಾಕುವಾಗ ವೈದ್ಯರು, ಹಣ ಕೇಳಿದಾಗ ವಿದ್ಯಾರ್ಥಿಗಳು ಎನ್ನುವುದು ಆಡಳಿತಕ್ಕೆ ಅನುಕೂಲದ ಭಾಷೆ. ಪತ್ರಿಕೆಗಳೂ ಅದನ್ನೇ ಆಡಬೇಕಿಲ್ಲ. ಅವರು ಪರೀಕ್ಷೆ ಗೆದ್ದವರು. ಆದರೆ ಇಂಟರ್ನ್‌ಶಿಪ್ ಮುಗಿದು ಕಾಯಂ ನೋಂದಣಿ ಸಿಗುವವರೆಗೆ ಸ್ವಂತ ಕ್ಲಿನಿಕ್ ತೆರೆಯುವಂತಿಲ್ಲ.