ಹಗುರ ರಾಕೆಟ್, ಮೊಣಕೈಗೆ ಭಾರ

ಟೆನಿಸ್ ರಾಕೆಟ್ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಅದನ್ನು ಕೈಗೆತ್ತಿಕೊಂಡು ಗಾಳಿಯಲ್ಲಿ ಎರಡು ಸಲ ಬೀಸಿ ನೋಡುತ್ತಾರೆ. ಹಗುರವಾಗಿದ್ದರೆ ಮುಖ ಅರಳುತ್ತದೆ. ಹಗುರ, ಗಟ್ಟಿ, ಹೊಡೆತ ಜೋರು, ಕೈಗೆ ಸುಖ ಎಂದು ಮಾರುವವರೂ ದನಿಗೂಡಿಸುತ್ತಾರೆ. ಇದರಲ್ಲಿ ಕೊನೆಯ ಮಾತು ಭೌತವಿಜ್ಞಾನಕ್ಕೆ ವಿರುದ್ಧವಾದದ್ದು. ಗಾಳಿಯಲ್ಲಿ ಬೀಸುವಾಗ ತೋಳಿಗೆ ತಿಳಿಯುವುದು ರಾಕೆಟ್ಟಿನ ತೂಕ ಮಾತ್ರ. ಚೆಂಡು ಬಂದು ಬಡಿದಾಗ ಆ ರಾಕೆಟ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು ತಿಳಿಯುವುದು ಅಂಗಣದಲ್ಲಿ, ಎಷ್ಟೋ ಜನರಿಗೆ ತಿಂಗಳುಗಳ ನಂತರ ಮೊಣಕೈಯಲ್ಲಿ.

ಚೆಂಡು ತಂತಿಯ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಇನ್ನೂರನೇ ಒಂದು ಪಾಲು. ಹೊಡೆತದ ಅನುಭವ ಮಿದುಳಿಗೆ ತಲುಪುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆದ್ದರಿಂದ ತಾಗುವ ಕ್ಷಣದಲ್ಲಿ ಹಿಡಿಯನ್ನು ಬಿಗಿಯಾಗಿ ಅದುಮಿದರೆ ಹೊಡೆತಕ್ಕೆ ಬಲ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೊವಾರ್ಡ್ ಬ್ರೋಡಿ 1970ರ ದಶಕದ ಕೊನೆಯಿಂದ ರಾಕೆಟ್ಟನ್ನು ಪ್ರಯೋಗಾಲಯಕ್ಕೆ ತಂದು ಇಂಥ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕಣ ಭೌತವಿಜ್ಞಾನದಲ್ಲಿ ಪಳಗಿದ್ದ ಅವರಿಗೆ ಡಿಕ್ಕಿಗಳ ಲೆಕ್ಕಾಚಾರ ಹೊಸದಾಗಿರಲಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ರಾಡ್ ಕ್ರಾಸ್ ಈ ಕೆಲಸವನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ರಾಕೆಟ್ ಕುರಿತು ಇಂದು ಖಚಿತವಾಗಿ ಹೇಳಬಹುದಾದ ಬಹಳಷ್ಟು ಮಾತುಗಳು ಇವರಿಬ್ಬರ ಶ್ರಮದ ಫಲ.

ಮೊದಲು ಹೊಡೆತದ ವೇಗವನ್ನು ನೋಡೋಣ. ರಾಕೆಟ್ಟಿನ ಮುಖದ ಮಧ್ಯಕ್ಕೆ ಚೆಂಡು ತಾಗಿತು ಎಂದುಕೊಳ್ಳಿ. ಬಂದ ಚೆಂಡಿನ ವೇಗದಲ್ಲಿ ಸುಮಾರು 0.4 ಪಾಲು ಮರಳಿ ಸಿಗುತ್ತದೆ. ಅದಕ್ಕೆ ನೀವು ಬೀಸಿದ ರಾಕೆಟ್ಟಿನ ವೇಗದ 1.4 ಪಟ್ಟು ಕೂಡಿಕೊಳ್ಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದ ಚೆಂಡನ್ನು 80 ಕಿಲೋಮೀಟರ್ ವೇಗದಲ್ಲಿ ಬೀಸಿ ಹೊಡೆದರೆ 20 ಮತ್ತು 112 ಸೇರಿ 132 ಕಿಲೋಮೀಟರ್ ವೇಗದಲ್ಲಿ ಚೆಂಡು ಹೊರಡುತ್ತದೆ. ಈ ಮೊತ್ತದಲ್ಲಿ ಸಿಂಹಪಾಲು ಬೀಸಿನ ವೇಗದ್ದು. ಸರ್ವ್ ಮಾಡುವಾಗಲಂತೂ ಎದುರಿನಿಂದ ಬರುವ ಚೆಂಡೇ ಇಲ್ಲದ ಕಾರಣ ಎಲ್ಲವೂ ಬೀಸಿನದೇ. ಹೀಗಾಗಿ ಕಂಪನಿಗಳು ಮಾರುವ ‘ಪವರ್’ ಎಂಬ ಗುಣ ರಾಕೆಟ್ಟಿನೊಳಗೆ ಇರುವುದು ಅಲ್ಪ. ಇರುವಷ್ಟರ ಬಹುಪಾಲು ಆ 0.4 ಎಂಬ ಅಂಕಿಯಲ್ಲಿ ಅಡಗಿದೆ. ಮುಖದ ತುದಿಯ ಹತ್ತಿರ ಚೆಂಡು ತಾಗಿದರೆ ಅದು ಅರ್ಧದಷ್ಟೂ ಉಳಿಯುವುದಿಲ್ಲ. ಚೆಂಡು ತಾಗುವ ಜಾಗದ ಹಿಂದೆ ಹೆಚ್ಚು ದ್ರವ್ಯರಾಶಿ ಇದ್ದರೆ ಅಂಕಿ ಏರುತ್ತದೆ.

ಇಲ್ಲಿಯೇ ತೂಕದ ವಿಚಾರ ಬರುವುದು. ಬೀಸುವವನಿಗೆ ಮುಖ್ಯವಾಗುವುದು ತಕ್ಕಡಿ ತೋರಿಸುವ ಗ್ರಾಂಗಳಿಗಿಂತ ಆ ಗ್ರಾಂಗಳು ಎಲ್ಲಿವೆ ಎಂಬುದು. ಸುತ್ತಿಗೆಯನ್ನು ಕಾವಿನ ಕಡೆ ಹಿಡಿದು ಬೀಸಿ, ಆಮೇಲೆ ಕಬ್ಬಿಣದ ತಲೆಯ ಕಡೆ ಹಿಡಿದು ಬೀಸಿ ನೋಡಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಬೀಸುವಾಗ ಎದುರಾಗುವ ಈ ಜಡತ್ವಕ್ಕೆ ಟೆನಿಸ್‌ನಲ್ಲಿ ಸ್ವಿಂಗ್ ವೇಟ್ ಎನ್ನುತ್ತಾರೆ. ಹಿಡಿಯ ತುದಿಯಿಂದ 10 ಸೆಂಟಿಮೀಟರ್ ಮೇಲಿರುವ ಅಕ್ಷವನ್ನು ಲೆಕ್ಕಕ್ಕೆ ಹಿಡಿದು, ಪ್ರತಿಯೊಂದು ಗ್ರಾಂ ಅಲ್ಲಿಂದ ಎಷ್ಟು ದೂರದಲ್ಲಿದೆಯೋ ಅದರ ವರ್ಗದಿಂದ ಗುಣಿಸಿ ಕೂಡುತ್ತಾರೆ. ತೂಕವನ್ನು ಕಿಲೋಗ್ರಾಂನಲ್ಲೂ ದೂರವನ್ನು ಸೆಂಟಿಮೀಟರಿನಲ್ಲೂ ಹಿಡಿದರೆ, ತಂತಿ ಕಟ್ಟಿದ ವಯಸ್ಕರ ರಾಕೆಟ್ಟುಗಳಲ್ಲಿ ಇದು ಸಾಮಾನ್ಯವಾಗಿ 280ರಿಂದ 340ರ ನಡುವೆ ಇರುತ್ತದೆ. ದೂರದ ವರ್ಗ ಎಂಬುದು ಇಲ್ಲಿ ಬಹಳ ದೊಡ್ಡ ಮಾತು. ಮುಖದ ನೆತ್ತಿಯಲ್ಲಿ ಕೇವಲ 3 ಗ್ರಾಂ ಅಂಟಿಸಿದರೆ ಸ್ವಿಂಗ್ ವೇಟ್ ಹೆಚ್ಚುಕಡಿಮೆ 10 ಅಂಕ ಏರುತ್ತದೆ. ಅದೇ 3 ಗ್ರಾಂ ಹಿಡಿಯೊಳಗೆ ಸೇರಿದರೆ ಏರಿಕೆ ಸೊನ್ನೆಗೆ ಸಮೀಪ.

ತೋಳಿನ ಸುಖದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಚೆಂಡಿನ ತೂಕ ನಿಯಮದ ಪ್ರಕಾರ 56ರಿಂದ 59.4 ಗ್ರಾಂ. ಅದು ಬಡಿದಾಗ ರಾಕೆಟ್ ಹಿಂದಕ್ಕೆ ತಳ್ಳಲ್ಪಡುತ್ತದೆ, ಒಂದಿಷ್ಟು ತಿರುಚಿಕೊಳ್ಳುತ್ತದೆ, ಬಾಗಿ ನಡುಗುತ್ತದೆ. ಜಡತ್ವ ಹೆಚ್ಚಿರುವ ರಾಕೆಟ್ ಈ ಮೂರನ್ನೂ ತಾನೇ ತಡೆದುಕೊಳ್ಳುತ್ತದೆ. 250 ಗ್ರಾಂ ತೂಗುವ ಹಗುರ ರಾಕೆಟ್ ತಡೆಯಲಾರದೆ ಉಳಿಸಿದ್ದನ್ನು ಮಣಿಕಟ್ಟು ಮತ್ತು ಮೊಣಕೈ ಹೊರಬೇಕಾಗುತ್ತದೆ. ಮೊಣಕೈಯ ಹೊರಬದಿಯ ಮೂಳೆಯುಬ್ಬಿಗೆ ಅಂಟಿಕೊಂಡ ಸ್ನಾಯುರಜ್ಜುಗಳು ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳಿಗೆ ಸೇರಿದವು. ಬ್ಯಾಕ್‌ಹ್ಯಾಂಡ್ ಹೊಡೆಯುವಾಗ ದಣಿಯುವುದು ಅವೇ. ಅಲ್ಲಿ ಸಣ್ಣ ಸಣ್ಣ ಹಾನಿಗಳು ಮಾಯಲು ಬಿಡುವಿಲ್ಲದೆ ಸೇರುತ್ತ ಹೋದಾಗ ಟೆನಿಸ್ ಎಲ್ಬೋ ಹುಟ್ಟುತ್ತದೆ. 2004ರಲ್ಲಿ ಸಚಿನ್ ತೆಂಡೂಲ್ಕರ್ ಈ ನೋವಿನಿಂದ ಪಂದ್ಯಗಳನ್ನು ಕಳೆದುಕೊಂಡಾಗ ಟೆನಿಸ್ ಆಡದ ಭಾರತೀಯರಿಗೂ ಈ ಹೆಸರು ಪರಿಚಯವಾಯಿತು. ಹಾಗೆ ನೋಡಿದರೆ ಇದು ಬರುವವರಲ್ಲಿ ಹೆಚ್ಚಿನವರು ರಾಕೆಟ್ ಹಿಡಿದವರೇ ಅಲ್ಲ. ತೀರಾ ಭಾರವಾದ ರಾಕೆಟ್ಟೂ ಕೆಟ್ಟದ್ದೇ. ಎರಡನೇ ಸೆಟ್ ಹೊತ್ತಿಗೆ ತೋಳು ಸೋತು, ಬೀಸು ತಡವಾಗಿ, ಚೆಂಡು ದೇಹದ ಹಿಂದೆ ತಾಗತೊಡಗಿದರೆ ಮೊಣಕೈ ಉಳಿಯುವುದಿಲ್ಲ. ಒಂದು ಪೂರ್ತಿ ಪಂದ್ಯ ದಣಿಯದೆ ಬೀಸಬಲ್ಲಷ್ಟು ಭಾರ ಬೇಕು, ಅದಕ್ಕಿಂತ ಕಡಿಮೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹವ್ಯಾಸಿ ವಯಸ್ಕರಿಗೆ ತಂತಿ ಇಲ್ಲದೆ 285ರಿಂದ 305 ಗ್ರಾಂ ತೂಗುವ, ತೂಕ ಹಿಡಿಯ ಕಡೆಗೆ ವಾಲಿರುವ ರಾಕೆಟ್ ಒಳ್ಳೆಯ ಆರಂಭ.

ಇನ್ನು ಮುಖದ ಅಗಲ. ಅಮೆರಿಕದ ಹೊವಾರ್ಡ್ ಹೆಡ್ ವಿಮಾನ ಕಾರ್ಖಾನೆಯಲ್ಲಿ ದುಡಿದಿದ್ದ ಎಂಜಿನಿಯರ್. ಲೋಹದ ಹಿಮಜಾರು ಹಲಗೆಗಳನ್ನು ಮಾಡಿ ಹಣ ಗಳಿಸಿ, ಕಂಪನಿ ಮಾರಿ, ನಿವೃತ್ತಿಯಲ್ಲಿ ಟೆನಿಸ್ ಕಲಿಯಲು ಹೊರಟವರು. ಚೆಂಡು ಮಧ್ಯದಿಂದ ಸ್ವಲ್ಪ ಆಚೀಚೆ ತಾಗಿದರೂ ರಾಕೆಟ್ ಕೈಯಲ್ಲಿ ತಿರುಚಿಕೊಳ್ಳುತ್ತಿದ್ದುದು ಅವರನ್ನು ಕಾಡಿತು. ತಿರುಚುವಿಕೆಗೆ ಒಡ್ಡುವ ತಡೆ ಅಗಲದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಎಂಜಿನಿಯರಿಗೆ ಗೊತ್ತಿರುವ ಸಂಗತಿ. ಮರದ ರಾಕೆಟ್ಟುಗಳ ಮುಖ 65ರಿಂದ 70 ಚದರ ಇಂಚು ಇದ್ದ ಕಾಲದಲ್ಲಿ ಅವರು 110 ಚದರ ಇಂಚಿನ ಪ್ರಿನ್ಸ್ ರಾಕೆಟ್ ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದರು. 1978ರಲ್ಲಿ ಹದಿನಾರರ ಹುಡುಗಿ ಪ್ಯಾಮ್ ಶ್ರೈವರ್ ಅದನ್ನೇ ಹಿಡಿದು ಯುಎಸ್ ಓಪನ್ ಫೈನಲ್ ತಲುಪಿದ ಮೇಲೆ ದೊಡ್ಡ ಮುಖ ಮುದುಕರಿಗಷ್ಟೇ ಎನ್ನುವುದು ಕಷ್ಟವಾಯಿತು.

ಆದರೂ ಹಳೆಯ ರೂಢಿ ಬಿಡಲು ದೊಡ್ಡ ಆಟಗಾರರೇ ಹಿಂಜರಿದರು. ಪೀಟ್ ಸಾಂಪ್ರಾಸ್ ಕೊನೆಯವರೆಗೂ ಸೀಸದ ಪಟ್ಟಿ ಅಂಟಿಸಿದ 85 ಚದರ ಇಂಚಿನ ರಾಕೆಟ್ಟಿನಲ್ಲೇ ಆಡಿದರು. ರೋಜರ್ ಫೆಡರರ್ ವರ್ಷಗಟ್ಟಲೆ 90 ಚದರ ಇಂಚಿನ ಮುಖವನ್ನು ನೆಚ್ಚಿಕೊಂಡಿದ್ದು, 2014ರಲ್ಲಿ 97ಕ್ಕೆ ಬಂದರು. 2017ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ನಡಾಲ್ ಎದುರು ಅವರು ಬ್ಯಾಕ್‌ಹ್ಯಾಂಡ್ ಬೀಸಿದ ಬಗೆಯನ್ನು ನೋಡಿದವರು ಮರೆಯಲಾರರು. ಗೆಲುವನ್ನೆಲ್ಲ ರಾಕೆಟ್ಟಿಗೆ ಕೊಡುವುದು ತಪ್ಪು. ಆದರೆ ಅಷ್ಟು ನಿಖರವಾಗಿ ಹೊಡೆಯುವ ಮನುಷ್ಯನಿಗೂ ಏಳು ಚದರ ಇಂಚು ಹೆಚ್ಚುವರಿ ಜಾಗ ಬೇಕೆನಿಸಿತು ಎಂದಮೇಲೆ ವಾರಕ್ಕೆರಡು ದಿನ ಆಡುವವರು 100 ಚದರ ಇಂಚಿಗಿಂತ ಕೆಳಗಿಳಿಯಲು ಕಾರಣವೇ ಇಲ್ಲ.

ಚೌಕಟ್ಟು ಗಡುಸಾದಷ್ಟೂ ಹೊಡೆತದಲ್ಲಿ ಕಡಿಮೆ ಬಾಗುತ್ತದೆ. ಬಾಗಿದ ಚೌಕಟ್ಟು ನೇರವಾಗುವ ಹೊತ್ತಿಗೆ ಚೆಂಡು ಹೋಗಿಯಾಗಿರುವುದರಿಂದ ಬಾಗಲು ಖರ್ಚಾದ ಶಕ್ತಿ ಹಿಂದಿರುಗುವುದಿಲ್ಲ. ಗಡುಸು ಚೌಕಟ್ಟು ಆ ನಷ್ಟವನ್ನು ತಪ್ಪಿಸುತ್ತದೆ. 1987ರಲ್ಲಿ ಬಂದ ದಪ್ಪ ಅಂಚಿನ ವಿಲ್ಸನ್ ಪ್ರೊಫೈಲ್ ಈ ತತ್ವವನ್ನು ಅದರ ಕೊನೆಯವರೆಗೆ ಎಳೆದ ರಾಕೆಟ್. ಬೆಲೆ ತೆರುವುದು ತೋಳು. ಆರ್‌ಎ ಎಂಬ ಗಡಸುತನದ ಅಂಕಿಯನ್ನು ಅಂಗಡಿಯವರನ್ನು ಕೇಳಿ. ಮೊಣಕೈ ನೋವಿನ ಇತಿಹಾಸ ಇರುವವರು 65ರ ಕೆಳಗೆ ಉಳಿದುಕೊಳ್ಳುವುದು ಒಳ್ಳೆಯದು. ಹಗುರ ಹಾಗೂ ಗಡುಸು, ಎರಡೂ ಒಟ್ಟಿಗೆ ಇರುವ ರಾಕೆಟ್ಟನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ, ಹೊಸಬರಿಗಂತೂ ಖಂಡಿತ ಇಲ್ಲ. ಅಂಗಡಿಗಳಲ್ಲಿ ಹೊಸಬರ ಕೈಗೆ ಕೊಡುವುದು ಬಹುತೇಕ ಅದನ್ನೇ ಎಂಬುದು ಬೇಸರದ ಸಂಗತಿ.

ಇರುವ ರಾಕೆಟ್ಟನ್ನು ಮಾರಿ ಹೊಸದು ಕೊಳ್ಳುವ ಮೊದಲು ಗಟ್ಟಿಂಗ್, ಅಂದರೆ ಕಟ್ಟಿದ ತಂತಿ, ಬದಲಿಸಿ ನೋಡಿ. ರಾಕೆಟ್ಟಿನ ಸ್ವಭಾವ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಬದಲಾಗುವುದು ತಂತಿಯಿಂದ. ಟೆನಿಸ್ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು ಎಂಬುದು ನಿಯಮ. ಅಂದರೆ ಅದರ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ರಬ್ಬರಿನಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ತಂತಿ ಹಾಗಲ್ಲ, ಹಿಗ್ಗಲು ಪಡೆದ ಶಕ್ತಿಯಲ್ಲಿ ಶೇಕಡಾ 95ರಷ್ಟನ್ನು ಮರಳಿಸುತ್ತದೆ. ಚೆಂಡು ಚಪ್ಪಟೆಯಾಗುವುದಕ್ಕಿಂತ ತಂತಿ ಹಿಗ್ಗುವುದು ಲಾಭ. ಸಡಿಲ ಗಟ್ಟಿಂಗಿನಲ್ಲಿ ಹೊಡೆತ ಜೋರಾಗುವ ಕಾರಣ ಇದು. ವೇಗದ ಏರಿಕೆ ಮಾತ್ರ ಅಲ್ಪ, 10 ಪೌಂಡ್ ಬಿಗಿತ ಇಳಿಸಿದರೂ ಶೇಕಡಾ ಒಂದೆರಡರ ಆಸುಪಾಸು. ಚೆಂಡು ಸ್ವಲ್ಪ ಮೇಲ್ಮುಖವಾಗಿ ಹೊರಟು ಆಳದಲ್ಲಿ ಬೀಳುವುದರಿಂದ ಬಲ ಅದಕ್ಕಿಂತ ಹೆಚ್ಚೆನಿಸುತ್ತದೆ. ತೋಳಿಗಾಗುವ ಲಾಭ ದೊಡ್ಡದು. ಹೊಡೆತದ ಅವಧಿ ಕೊಂಚ ಹಿಗ್ಗಿ, ಆಘಾತದ ತುತ್ತತುದಿ ತಗ್ಗುತ್ತದೆ. ನೀವು 56 ಪೌಂಡ್ ಕಟ್ಟಿಸುತ್ತಿದ್ದರೆ ಮುಂದಿನ ಸಲ 52 ಹೇಳಿ.

ಎತ್ತರದ ಊರುಗಳಲ್ಲಿ ಇನ್ನೊಂದು ಲೆಕ್ಕವಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇಕಡಾ 8ರಷ್ಟು ತೆಳು, ಚೆಂಡಿಗೆ ತಡೆ ಕಡಿಮೆ. ಮಂಗಳೂರಿನಲ್ಲಿ ಗೆರೆಯೊಳಗೆ ಬೀಳುವ ಹೊಡೆತ ಕಬ್ಬನ್ ಪಾರ್ಕಿನ ಅಂಗಣದಲ್ಲಿ ಆಚೆ ಹೋಗಬಹುದು. ಅಲ್ಲಿ ಒಂದೆರಡು ಪೌಂಡ್ ಬಿಗಿ ಮಾಡಿಸುವುದರಲ್ಲಿ ಅರ್ಥವಿದೆ.

ಬಿಗಿತಕ್ಕಿಂತ ಮುಖ್ಯವಾದದ್ದು ತಂತಿಯ ಜಾತಿ. ದನದ ಕರುಳಿನಿಂದ ಮಾಡುವ ನ್ಯಾಚುರಲ್ ಗಟ್ ಇಂದಿಗೂ ಅತಿ ಮೃದು, ಬಿಗಿತವನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ಆದರೆ ದುಬಾರಿ, ಮಳೆಗಾಲದ ತೇವವನ್ನು ಸಹಿಸುವುದಿಲ್ಲ. ನೂರಾರು ನೈಲಾನ್ ಎಳೆಗಳನ್ನು ಹೆಣೆದ ಮಲ್ಟಿಫಿಲಮೆಂಟ್ ಅದಕ್ಕೆ ಹತ್ತಿರದ, ಕೈಗೆಟಕುವ ಆಯ್ಕೆ. ಪಾಲಿಯೆಸ್ಟರ್ ಬೇರೆಯೇ ಜಾತಿ. 1997ರಲ್ಲಿ ಬ್ರೆಜಿಲಿನ ಗುಸ್ತಾವೊ ಕುಯೆರ್ಟೆನ್ ಅದನ್ನು ಕಟ್ಟಿಸಿಕೊಂಡು ಫ್ರೆಂಚ್ ಓಪನ್ ಗೆದ್ದ ನಂತರ ವೃತ್ತಿಪರರೆಲ್ಲ ಅದರ ಹಿಂದೆ ಬಿದ್ದರು. ನುಣುಪಾದ ಈ ಗಡುಸು ತಂತಿ ಚೆಂಡಿನೊಂದಿಗೆ ಪಕ್ಕಕ್ಕೆ ಜಾರಿ ಥಟ್ಟನೆ ಮರಳುವುದರಿಂದ ಚೆಂಡು ಹೆಚ್ಚು ಸುತ್ತುತ್ತದೆ, ಎಷ್ಟು ಜೋರಾಗಿ ಬೀಸಿದರೂ ಗೆರೆಯೊಳಗೆ ಇಳಿಯುತ್ತದೆ. ಅಷ್ಟು ವೇಗವಾಗಿ ಬೀಸದವರಿಗೆ ಸಿಗುವುದು ಅದರ ಗಡಸುತನ ಮಾತ್ರ. ಅದು ಬಿಗಿತವನ್ನೂ ಬೇಗ ಕಳೆದುಕೊಳ್ಳುತ್ತದೆ. ತುಂಡಾಗಿಲ್ಲವೆಂದು ಆರು ತಿಂಗಳ ಹಳೆಯ ಪಾಲಿಯೆಸ್ಟರಿನಲ್ಲಿ ಆಡುವವರನ್ನು ಕಂಡಾಗ ಅವರ ತೋಳಿನ ಬಗ್ಗೆ ನನಗೆ ಚಿಂತೆಯಾಗುತ್ತದೆ. ಹದಿನೆಂಟು ವರ್ಷದೊಳಗಿನ ಮಕ್ಕಳ ರಾಕೆಟ್ಟಿಗೆ ಅದನ್ನು ಕಟ್ಟಿಸುವ ತಂದೆತಾಯಿಯರು ಎರಡು ಸಲ ಯೋಚಿಸಲಿ.

ತಂತಿಗಳ ನಡುವೆ ಸಿಕ್ಕಿಸುವ ರಬ್ಬರ್ ತುಂಡು ಮೊಣಕೈಯನ್ನು ಕಾಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತಂತಿಯ ನಡುಕ ಸೆಕೆಂಡಿಗೆ ಸುಮಾರು 500 ಸಲ. ಅದು ಕಿವಿಗೆ ಕೇಳುವ ಝೇಂಕಾರ. ಚೌಕಟ್ಟಿನ ನಡುಕ 100ರಿಂದ 200 ಸಲ. ತೋಳಿಗೆ ಇಳಿಯುವುದು ಇದು. ಕೆಲವೇ ಗ್ರಾಂ ತೂಗುವ ರಬ್ಬರು ಮೊದಲನೆಯದನ್ನು ನಿಲ್ಲಿಸಬಲ್ಲದು, ಎರಡನೆಯದನ್ನು ಮುಟ್ಟಲಾರದು. ಸದ್ದು ಹಿತವೆನಿಸಿದರೆ ಹಾಕಿಕೊಳ್ಳಿ, ಔಷಧಿ ಎಂದುಕೊಳ್ಳಬೇಡಿ.

ತಂತಿ ಬದಲಿಸಿದ ಮೇಲೂ ರಾಕೆಟ್ ಕೈಯಲ್ಲಿ ನಲುಗುತ್ತಿದ್ದರೆ ತೂಕ ಸೇರಿಸುವ ಸಮಯ. ಸೀಸದ ಅಥವಾ ಟಂಗ್‌ಸ್ಟನ್‌ನ ಅಂಟುಪಟ್ಟಿ ಸಿಗುತ್ತದೆ. ಮುಖವನ್ನು ಗಡಿಯಾರವೆಂದು ಭಾವಿಸಿ 3 ಮತ್ತು 9 ಗಂಟೆಯ ಜಾಗಗಳಲ್ಲಿ ತಲಾ ಒಂದೂವರೆ ಗ್ರಾಂ ಅಂಟಿಸಿ. ಸ್ವಿಂಗ್ ವೇಟ್ ಐದಾರು ಅಂಕ ಏರುತ್ತದೆ, ತಿರುಚುವಿಕೆಗೆ ತಡೆಯೂ ಶೇಕಡಾ ಮೂರು ನಾಲ್ಕರಷ್ಟು ಹೆಚ್ಚುತ್ತದೆ. ನೆತ್ತಿಗೆ ಅಂಟಿಸಿದರೆ ಸರ್ವ್‌ಗೆ ಬಲ ಬರುತ್ತದೆ, ಆದರೆ ಬೀಸು ಭಾರವಾಗುವುದೂ ಅಲ್ಲಿಯೇ ಹೆಚ್ಚು. ಮುಖ ಭಾರವೆನಿಸಿದರೆ ಹಿಡಿಯ ಗ್ರಿಪ್ ಬಿಚ್ಚಿ ಅದರಡಿ ನಾಲ್ಕೈದು ಗ್ರಾಂ ಸುತ್ತಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೆಲವು ದಿನ ಆಡಿ, ನಂತರ ಮುಂದಿನದು. ಆಭರಣ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಸೀಸ ವಿಷಕಾರಿ, ಆದ್ದರಿಂದ ಅದರ ಮೇಲೆ ರಕ್ಷಾಪಟ್ಟಿ ಅಂಟಿಸಿ, ಕೈ ತೊಳೆದುಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಟಂಗ್‌ಸ್ಟನ್ ಪಟ್ಟಿಗೆ ಬೆಲೆ ಹೆಚ್ಚು, ಈ ತಾಪತ್ರಯವಿಲ್ಲ.