ಜರ್ಮನ್ ಸೇನಾ ದಿಕ್ಸೂಚಿ: ಮೊಹರಿಗೆ ಮೊದಲು ಅಂಕಫಲಕ ನೋಡಿ

ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಸೇನೆಯ ದಿಕ್ಸೂಚಿ, ನಕ್ಷೆಚೀಲ, ನಕ್ಷೆಯ ಮೇಲೆ ಉರುಳಿಸಿ ದೂರ ಅಳೆಯುವ ಚಕ್ರಗಳನ್ನು ಪರಿಶೀಲನೆಗೆಂದು ತರುವವರಲ್ಲಿ ಹೆಚ್ಚಿನವರು ನನಗೆ ಮೊದಲು ತೋರಿಸುವುದು ಸೇನೆಯ ಗುರುತಾದ ಹದ್ದಿನ ಮೊಹರನ್ನು. ನಾನು ಮಾತ್ರ ಅದನ್ನು ಕೊನೆಯಲ್ಲಿ ನೋಡುತ್ತೇನೆ. ಹಳೆಯ ವಸ್ತುವಿನ ಮೇಲೆ ಹೊಸ ಮೊಹರು ಒತ್ತುವುದು ಸುಲಭ, ಆದರೆ ಅಂಕಫಲಕವನ್ನೇ ಬದಲಿಸುವ ಶ್ರಮಕ್ಕೆ ನಕಲಿಗಾರರು ಸಾಮಾನ್ಯವಾಗಿ ಕೈಹಾಕುವುದಿಲ್ಲ.

ಆ ಕಾಲದ ‘ಮಾರ್ಷ್‌ಕೊಂಪಾಸ್’, ಅಂದರೆ ಸೈನಿಕರ ನಡಿಗೆಯ ದಿಕ್ಸೂಚಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮುಚ್ಚಳದ ಒಳಬದಿಯಲ್ಲಿ ಕನ್ನಡಿಯೂ ಪಕ್ಕದ ಅಂಚಿನಲ್ಲಿ ಮಿಲಿಮೀಟರ್ ಅಳತೆಯೂ ಇರುತ್ತವೆ. ಪೂರ್ವವನ್ನು ಜರ್ಮನ್ನರು ‘ಓಸ್ಟ್’ ಎನ್ನುವುದರಿಂದ ಫಲಕದ ಪೂರ್ವದಲ್ಲಿ ರೋಮನ್ ಲಿಪಿಯ ‘ಓ’ ಇರಬೇಕು. ಅದೇ ಅಕ್ಷರ ಪಶ್ಚಿಮದಲ್ಲಿದ್ದರೆ ಅದು ಫ್ರೆಂಚ್ ಅಥವಾ ಇಟಾಲಿಯನ್ ವಸ್ತುವಾಗಿರುವ ಸಾಧ್ಯತೆ ಹೆಚ್ಚು. ಮುಂದಿನದು ವೃತ್ತದ ವಿಭಜನೆ. ಜರ್ಮನ್ ಸೇನೆ ವೃತ್ತವನ್ನು 6400 ಭಾಗ ಮಾಡುತ್ತಿದ್ದುದರಿಂದ ನೂರು ಭಾಗಕ್ಕೆ ಒಂದರಂತೆ ಫಲಕದ ಅಂಕಿಗಳು 64ರವರೆಗೆ ಸಾಗುತ್ತವೆ. 1 ಕಿಲೋಮೀಟರ್ ದೂರದಲ್ಲಿ ಇಂಥ ಒಂದು ಭಾಗ ಸುಮಾರು 1 ಮೀಟರ್ ಅಗಲಕ್ಕೆ ಸಮವಾಗುವುದು ಫಿರಂಗಿ ದಳಕ್ಕೆ ಬಹಳ ಅನುಕೂಲವಾಗಿತ್ತು. ಅಂಕಿಗಳು 60ಕ್ಕೇ ಮುಗಿದರೆ ಅದು ಸೋವಿಯತ್ ಪದ್ಧತಿ. ಯುದ್ಧದ ನಂತರದ ಪೂರ್ವ ಜರ್ಮನಿಯ ಸೇನೆಗಾಗಿ ಫ್ರೈಬರ್ಗ್‌ನಲ್ಲಿ ತಯಾರಾದ ‘ಎಫ್ 73’ ದಿಕ್ಸೂಚಿ ಈ ಗುಂಪಿಗೆ ಸೇರುತ್ತದೆ. ಅದು ಸಂಗ್ರಹಕ್ಕೆ ಖಂಡಿತ ಯೋಗ್ಯವಾದ, ಗಟ್ಟಿಮುಟ್ಟಾದ ಉಪಕರಣ. ಆದರೆ ಅದಕ್ಕೆ ಯುದ್ಧಕಾಲದ ವಸ್ತುವಿನ ಬೆಲೆ ಕೊಡಬಾರದು. ನ್ಯಾಟೋ ಸೇನೆಗಳೂ 6400 ಭಾಗಗಳನ್ನೇ ಬಳಸುವುದರಿಂದ 64 ಎಂಬ ಅಂಕಿಯೊಂದೇ ಸಾಕ್ಷ್ಯವಾಗಲಾರದು.

ಆಗ ತಯಾರಕರ ಗುರುತಿನ ಕಡೆಗೆ ಬರಬೇಕು. 1940ರ ಸುಮಾರಿನಿಂದ ಕಂಪನಿಗಳ ಹೆಸರಿನ ಬದಲು ಅಕ್ಷರಸಂಕೇತಗಳು ಬಂದವು: ‘ಸಿಎಕ್ಸ್‌ಎನ್’ ಎಂದರೆ ರಾಥೆನೋದ ಎಮಿಲ್ ಬುಷ್, ‘ಬಿಎಲ್‌ಸಿ’ ಎಂದರೆ ಯೆನಾದ ಕಾರ್ಲ್ ಜೈಸ್. 1935ರ ಮಾದರಿಯ ಚರ್ಮದ ನಕ್ಷೆಚೀಲದಲ್ಲಾದರೆ ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ಮೊಹರಿನ ತಳವನ್ನು ಪರೀಕ್ಷಿಸಿ. ಅಸಲಿ ಮೊಹರಿನ ತಗ್ಗಿನಲ್ಲಿ ಸುತ್ತಲಿನ ಚರ್ಮದಲ್ಲಿರುವ ಕೊಳೆ, ಮೇಣ, ಸಣ್ಣ ಬಿರುಕುಗಳೇ ಮುಂದುವರಿದಿರುತ್ತವೆ. ಇತ್ತೀಚೆಗೆ ಒತ್ತಿದ್ದರೆ ಹಳೆಯ ಬಿರುಕುಗಳು ಅಂಚಿನಲ್ಲಿ ಮುರಿದು, ಒಳಗಿನ ತಿಳಿಬಣ್ಣದ ನಾರು ಕಾಣುತ್ತದೆ. ಅಳತೆ ಚಕ್ರಗಳ ವಿಷಯ ಸರಳ: ಜರ್ಮನ್ ನಕ್ಷೆಗಳ 1:25,000, 1:1,00,000, 1:3,00,000 ಪ್ರಮಾಣಗಳು ಅವುಗಳಲ್ಲಿವೆಯೇ ಎಂದು ನೋಡಿದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡವೆಂದು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಈ ದಿಕ್ಸೂಚಿಗಳಲ್ಲಿ ಅನೇಕವು ಕತ್ತಲಲ್ಲಿ ಹೊಳೆಯಲು ರೇಡಿಯಂ ಬಣ್ಣ ಬಳಿದುಕೊಂಡಿವೆ. ಹೊಳಪು ಕೊಡುವ ರಾಸಾಯನಿಕ ಕೆಲವು ದಶಕಗಳಲ್ಲಿ ಸವೆದುಹೋಗುತ್ತದೆ, ಆದರೆ ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳೆಯದ ಫಲಕವೂ ವಿಕಿರಣ ಸೂಸುತ್ತಿರುತ್ತದೆ. ಗಾಜನ್ನು ಬಿಚ್ಚಬೇಡಿ, ಬಣ್ಣವನ್ನು ಕೆರೆಯಬೇಡಿ, ಮಲಗುವ ಕೋಣೆಯಲ್ಲಿ ಇಡದೆ ಗಾಳಿಯಾಡುವ, ಮಕ್ಕಳ ಕೈಗೆಟುಕದ ಕಪಾಟಿನಲ್ಲಿಡಿ. ಚರ್ಮದೊಳಗಿನ ಕೊಬ್ಬಿನಾಮ್ಲ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುವುದರಿಂದ, ಉಪಕರಣವನ್ನು ಅದರದೇ ಚೀಲದೊಳಗೆ ತುಂಬಿಡದೆ ಪಕ್ಕದಲ್ಲಿ ಬೇರೆಯಾಗಿ ಇಡುವುದು ಒಳ್ಳೆಯದು.