ನಿಲ್ದಾಣದ ಬಂಡಿಯ ಮರದ ಮೈ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಜನ ದೂರದ ಪ್ರಯಾಣಕ್ಕೆ ರೈಲನ್ನೇ ನೆಚ್ಚಿಕೊಂಡಿದ್ದರು. ಬೇಸಗೆಯಲ್ಲಿ ಹೋಟೆಲುಗಳಿಗೂ ತೋಟದ ಮನೆಗಳಿಗೂ ಬರುವ ಕುಟುಂಬಗಳು ದೊಡ್ಡ ಟ್ರಂಕುಗಳ ಸಮೇತ ನಿಲ್ದಾಣದಲ್ಲಿ ಇಳಿದಾಗ, ಜನರನ್ನೂ ಗಂಟುಮೂಟೆಯನ್ನೂ ಒಟ್ಟಿಗೆ ಸಾಗಿಸುವ ಗಾಡಿ ಬೇಕಾಗುತ್ತಿತ್ತು. ನಮ್ಮ ಊರುಗಳಲ್ಲಿ ಜಟಕಾಗಳು ಮಾಡುತ್ತಿದ್ದ ಈ ಕೆಲಸಕ್ಕೆ ಅಲ್ಲಿ 'ಡಿಪೋ ಹ್ಯಾಕ್' ಎಂಬ ಕುದುರೆಗಾಡಿಗಳಿದ್ದವು. ಕುದುರೆಯ ಜಾಗಕ್ಕೆ ಎಂಜಿನ್ ಬಂದ ಮೇಲೂ ಕೆಲಸ ಬದಲಾಗಲಿಲ್ಲ. 'ಸ್ಟೇಷನ್ ವ್ಯಾಗನ್' ಎಂಬ ಹೆಸರಿನಲ್ಲಿರುವ ಸ್ಟೇಷನ್ ಆ ರೈಲು ನಿಲ್ದಾಣವೇ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರನ್ನು ಬರಿಯ ಚಾಸಿಸ್ ರೂಪದಲ್ಲಿಯೂ ಕೊಳ್ಳಬಹುದಾಯಿತು. ಎಂಜಿನ್, ಚಕ್ರ, ಸ್ಪ್ರಿಂಗುಗಳನ್ನು ಹೊತ್ತ ಉಕ್ಕಿನ ಚೌಕಟ್ಟನ್ನು ಕೊಂಡವರು ಅದರ ಮೇಲೆ ಮೈ ಕಟ್ಟಿಸಿಕೊಳ್ಳಲು ಹೋದದ್ದು ಅದುವರೆಗೆ ಕುದುರೆಗಾಡಿ ಮಾಡುತ್ತಿದ್ದವರ ಬಳಿಗೆ. ಲಾಂಗ್ ಐಲೆಂಡಿನ ಹಂಟಿಂಗ್ಟನ್‌ನಲ್ಲಿದ್ದ ಕ್ಯಾಂಟ್ರೆಲ್, ವಿಸ್ಕಾನ್ಸಿನ್‌ನ ಸ್ಟೌಟನ್ ಮೊದಲಾದ ಕಾರ್ಖಾನೆಗಳು ಹೀಗೆ ಹೊಸ ಕಸುಬಿಗೆ ಹೊರಳಿದವು. ನಮ್ಮ ಹೆದ್ದಾರಿಗಳ ಪಕ್ಕದ ಶೆಡ್ಡುಗಳಲ್ಲಿ ಇಂದಿಗೂ ಲಾರಿಯ ಚಾಸಿಸ್ ಮೇಲೆ ಬಾಡಿ ಕಟ್ಟುವುದನ್ನು ನೋಡಿದವರಿಗೆ ಆ ವ್ಯವಸ್ಥೆ ಹೇಗಿತ್ತೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಮೈಯನ್ನು ಮರದಲ್ಲಿ ಕಟ್ಟಿದ್ದಕ್ಕೆ ಕಾರಣ ಅಂದಚೆಂದವೆಂದು ಇಂದಿನವರಿಗೆ ಅನ್ನಿಸಬಹುದು, ಆದರೆ ನನ್ನ ಮಟ್ಟಿಗೆ ಅದು ಅಪ್ಪಟ ಎಂಜಿನಿಯರಿಂಗ್ ನಿರ್ಧಾರ. ಒಂದೇ ಉದ್ದ, ಒಂದೇ ತೂಕದ ಎರಡು ಚೌಕ ದಿಂಡುಗಳನ್ನು, ಒಂದು ಗಟ್ಟಿ ಮೇಪಲ್ ಮರದ್ದು, ಇನ್ನೊಂದು ಉಕ್ಕಿನದು, ಪಕ್ಕಪಕ್ಕದಲ್ಲಿಟ್ಟು ಬಗ್ಗಿಸಲು ನೋಡೋಣ. ಉಕ್ಕಿನ ವಸ್ತುಬಿಗಿ, ಅಂದರೆ ಆಕಾರ ಬದಲಾಗದಂತೆ ವಸ್ತು ತಾನಾಗಿ ಒಡ್ಡುವ ತಡೆ, ಮರಕ್ಕಿಂತ ಸುಮಾರು 16 ಪಟ್ಟು ಹೆಚ್ಚು. ಆದರೆ ಅದರ ಸಾಂದ್ರತೆ ಸುಮಾರು 11 ಪಟ್ಟು ಹೆಚ್ಚಿರುವುದರಿಂದ ಅದೇ ತೂಕದ ಮರದ ದಿಂಡು ಬಹಳ ದಪ್ಪವಾಗಿರುತ್ತದೆ. ಬಾಗುವಿಕೆಯನ್ನು ತಡೆಯುವ ಶಕ್ತಿಯು ಅಡ್ಡಕೊಯ್ತದ ವಿಸ್ತೀರ್ಣದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಯಾದ್ದರಿಂದ, ಲೆಕ್ಕ ಹಾಕಿದರೆ ಮರದ ದಿಂಡೇ ಉಕ್ಕಿನದಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚು ಬಿಗಿಯಾಗಿ ನಿಲ್ಲುತ್ತದೆ. ಕೇವಲ 20 ಅಶ್ವಶಕ್ತಿಯ ಎಂಜಿನ್ ಎಳೆಯಬೇಕಾದ ವಾಹನಕ್ಕೆ ಈ ಹಗುರತನ ಸಣ್ಣ ವಿಷಯವಲ್ಲ. ಉಕ್ಕಿನ ತೆಳುವಾದ ಹಾಳೆಯನ್ನು ಒತ್ತಿ ಟೊಳ್ಳು ಆಕಾರಗಳನ್ನು ತೆಗೆಯಲು ಸಾಧ್ಯವಾದಾಗ ಮಾತ್ರ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅದಕ್ಕೆ ಬೇಕಾದ ಭಾರಿ ಪ್ರೆಸ್ಸುಗಳೂ ಅಚ್ಚುಗಳೂ ಸಣ್ಣ ಕಾರ್ಖಾನೆಯ ಕೈಗೆಟುಕುವಂಥವಲ್ಲ.

ಹಾಗೆಂದು ಮರ ಸುಲಭವಾಗಿ ಮಾತು ಕೇಳುವ ವಸ್ತುವೂ ಅಲ್ಲ. ಹಸಿ ಮೇಪಲ್ ಪೂರ್ತಿ ಒಣಗಿದಾಗ ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು 10 ಶೇಕಡಾ ಕುಗ್ಗುತ್ತದೆ, ಮರದ ತಿರುಳಿನಿಂದ ಹೊರಮುಖವಾಗಿ ಅದರ ಅರ್ಧದಷ್ಟು, ನಾರಿನ ಉದ್ದಕ್ಕೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಮೂರು ದಿಕ್ಕಿಗೆ ಮೂರು ಬಗೆಯಾಗಿ ಕುಗ್ಗುವ ಈ ವಸ್ತುವಿನಿಂದ ಬಾಗಿಲು ಮಾಡಿ, ಅದು ಮಳೆಗಾಲದಲ್ಲಿಯೂ ಬೇಸಗೆಯಲ್ಲಿಯೂ ಸರಿಯಾಗಿ ಮುಚ್ಚಿಕೊಳ್ಳುವಂತೆ ನೋಡಿಕೊಳ್ಳುವುದೇ ಗಾಡಿ ಮಾಡುವವರ ತಲೆಮಾರುಗಳ ವಿದ್ಯೆಯಾಗಿತ್ತು. ಅವರು ಮರವನ್ನು ಕೊಯ್ದ ಕೂಡಲೆ ಬಳಸದೆ ಹದವಾಗಿ ಒಣಗಿಸುತ್ತಿದ್ದರು. ಭಾರ ಬೀಳುವ ದಿಕ್ಕಿಗೆ ನಾರು ಓಡುವಂತೆ ಹಲಗೆಯನ್ನು ಆರಿಸುತ್ತಿದ್ದರು. ಒಂದು ತುಂಡಿನ ತುದಿಯನ್ನು ನಾಲಗೆಯಂತೆ ಕೊರೆದು ಇನ್ನೊಂದರ ಗೂಡಿಗೆ ಕೂರಿಸಿ, ಅಂಟು ಹಾಕಿ ಬಿಗಿಯುತ್ತಿದ್ದರು. ತಿರುವು ಬೇಕಾದಲ್ಲಿ ಹಬೆಯಲ್ಲಿಟ್ಟರೆ, ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಒದ್ದೆಯ ಬಿಸಿಗೆ ಮೆದುವಾಗುತ್ತದೆ. ಬಾಗಿಸಿ ಅಚ್ಚಿಗೆ ಕಟ್ಟಿದ ಮರ ಆರಿದ ಮೇಲೆ ಆ ಬಾಗನ್ನು ಉಳಿಸಿಕೊಳ್ಳುತ್ತದೆ. ಇನ್ನೂ ಒಂದು ಅನುಕೂಲವಿತ್ತು: ಕೊರಕಲು ರಸ್ತೆಯಲ್ಲಿ ಮಾಡೆಲ್ ಟಿಯ ಚೌಕಟ್ಟು ತಿರುಚಿಕೊಂಡಾಗ, ಮರದ ಮೈ ತನ್ನ ಕೂಡುಗಳಲ್ಲಿ ಕೊಂಚ ಅಲುಗಿ ಆ ತಿರುಚುವಿಕೆಗೆ ಹೊಂದಿಕೊಳ್ಳುತ್ತಿತ್ತು. ಹಳೆಯ ಗಾಡಿಗಳ ಕಿರುಗುಟ್ಟುವಿಕೆ ಅಲ್ಲಿಂದಲೇ ಹುಟ್ಟುತ್ತದೆ.

1929ರಲ್ಲಿ ಫೋರ್ಡ್ ಕಂಪನಿಯೇ ಮಾಡೆಲ್ ಎ ಆಧರಿಸಿದ ಸ್ಟೇಷನ್ ವ್ಯಾಗನ್ನನ್ನು ತನ್ನ ಪಟ್ಟಿಗೆ ಸೇರಿಸಿತು. ಮೇಪಲ್ ಚೌಕಟ್ಟು, ಬರ್ಚ್ ಹಲಗೆ. ಮೈ ಜೋಡಿಸಿದ್ದು ಡೆಟ್ರಾಯಿಟ್‌ನ ಮರ್ರೆ ಕಂಪನಿ. ಮರದ ದೊಡ್ಡ ಭಾಗ ಬಂದದ್ದು ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿರುವ ಐರನ್ ಮೌಂಟನ್ ಪ್ರದೇಶದಿಂದ. ಹೆನ್ರಿ ಫೋರ್ಡ್ 1920ರಿಂದ ಅಲ್ಲಿ ಲಕ್ಷಗಟ್ಟಲೆ ಎಕರೆ ಕಾಡನ್ನು ಕೊಂಡು ಗರಗಸದ ಕಾರ್ಖಾನೆ ಹೂಡಿದ್ದ, ಉಳಿದ ಚೂರುಪಾರುಗಳಿಂದ ಅಡುಗೆಯ ಇದ್ದಿಲು ಬಿಲ್ಲೆಗಳನ್ನೂ ಮಾಡಿಸಿದ್ದ. 1929ರಲ್ಲಿ ತಯಾರಾದ ವ್ಯಾಗನ್‌ಗಳು 5,000ದ ಆಸುಪಾಸು; ಉಳಿದ ಮಾಡೆಲ್ ಎ ಕಾರುಗಳಾದರೋ 10 ಲಕ್ಷಕ್ಕೂ ಹೆಚ್ಚು. ಇಷ್ಟು ಕಡಿಮೆ ಸಂಖ್ಯೆಗಾಗಿ ಉಕ್ಕಿನ ಅಚ್ಚು ಮಾಡಿಸುವುದು ಯಾವ ಲೆಕ್ಕದಲ್ಲಿಯೂ ಗಿಟ್ಟುತ್ತಿರಲಿಲ್ಲ. ಐರನ್ ಮೌಂಟನ್‌ನ ಮರಗೆಲಸದ ನೈಪುಣ್ಯ ಎಷ್ಟರ ಮಟ್ಟಿನದೆಂದರೆ, ಎರಡನೆಯ ಮಹಾಯುದ್ಧದಲ್ಲಿ ಅದೇ ಕಾರ್ಖಾನೆ ಸೇನೆಗಾಗಿ ಎಂಜಿನ್ ಇಲ್ಲದೆ ತೇಲುವ ನಾಲ್ಕು ಸಾವಿರಕ್ಕೂ ಹೆಚ್ಚು ಗ್ಲೈಡರ್ ವಿಮಾನಗಳನ್ನು ಕಟ್ಟಿತು.

ಮರದ ಮೈಗೆ ಮಾಲೀಕನ ಆರೈಕೆ ನಿರಂತರವಾಗಿ ಬೇಕು. ಬಿಸಿಲಿನ ಅತಿನೇರಳೆ ಕಿರಣಗಳು ಲಿಗ್ನಿನನ್ನು ಒಡೆಯುವುದರಿಂದ ವಾರ್ನಿಷ್ ಸವೆದಲ್ಲಿ ಮರ ಬೂದುಬಣ್ಣಕ್ಕೆ ತಿರುಗುತ್ತದೆ. ತೇವಾಂಶ 20 ಶೇಕಡಾ ದಾಟಿ ಹಾಗೆಯೇ ಉಳಿದಲ್ಲಿ ಶಿಲೀಂಧ್ರ ನೆಲೆಯೂರುತ್ತದೆ, ಅದೂ ಕಣ್ಣಿಗೆ ಕಾಣದ ಕೂಡುಗಳ ಒಳಗೆ. ಯುದ್ಧ ಮುಗಿದ ಮೇಲೆ ಬೇಡಿಕೆ ಏರಿದಂತೆ ಅಚ್ಚಿನ ವೆಚ್ಚ ಹಗುರವೆನಿಸತೊಡಗಿತು. 1946ರಲ್ಲಿ ವಿಲ್ಲಿಸ್ ಜೀಪ್ ಕಂಪನಿಯ ಪೂರ್ಣ ಉಕ್ಕಿನ ವ್ಯಾಗನ್ ಬಂತು, 1949ರಲ್ಲಿ ಪ್ಲಿಮತ್ ಕಂಪನಿಯದು. ಐರನ್ ಮೌಂಟನ್ ಕಾರ್ಖಾನೆ 1951ರಲ್ಲಿ ಮುಚ್ಚಿತು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಮೈ ಕಟ್ಟಲು ನಿಜವಾದ ಮರ ಬಳಸಿದ ಕೊನೆಯ ವ್ಯಾಗನ್ 1953ರ ಬ್ಯೂಕ್.

ಅದೇ ವರ್ಷ ಇಂಗ್ಲೆಂಡಿನಲ್ಲಿ ಮಾರಿಸ್ ಮೈನರ್ ಟ್ರಾವೆಲರ್ ಎಂಬ ಸಣ್ಣ ವ್ಯಾಗನ್ ಬಿಡುಗಡೆಯಾಯಿತು, ಅದರ ತಯಾರಿಕೆ 1971ರವರೆಗೆ ನಡೆಯಿತು. ಅದರ ಹಿಂಬದಿಯಲ್ಲಿ ಕಾಣುವ ಆ್ಯಶ್ ಮರದ ಪಟ್ಟಿಗಳು ಭಾರ ಹೊರುವ ಚೌಕಟ್ಟೇ ಆಗಿದ್ದುದರಿಂದ, ವಾಹನಗಳ ವಾರ್ಷಿಕ ತಪಾಸಣೆ ಮಾಡುವ ಅಲ್ಲಿನ ಪರೀಕ್ಷಕರು ಉಕ್ಕು ತುಕ್ಕು ಹಿಡಿದಿದೆಯೇ ಎಂದು ನೋಡುವುದರ ಜೊತೆಗೆ ಮರ ಕೊಳೆತಿದೆಯೇ ಎಂದೂ ಒತ್ತಿ ನೋಡಬೇಕಾಗುತ್ತಿತ್ತು.